ಒಂಬತ್ತು ಜನರ ನಾಲ್ಕು ಮಿಲಿಮೀಟರ್

ನಮ್ಮ ಭಾವ ಹುಟ್ಟಿದ ದಿನ ಸೂಲಗಿತ್ತಿ ಮಗುವಿನ ಉದ್ದ ನೋಡಲು ಟೇಪು ತಂದಳಂತೆ. ಮಗು ಅಳು ನಿಲ್ಲಿಸಿ, ಟೇಪಿನ ತುದಿ ಹಿಡಿದು, ಅದು ಕಾಲಂಗುಲ ಸವೆದಿದೆ ಎಂದು ಪತ್ತೆ ಮಾಡಿ, ಮತ್ತೆ ಅಳಲು ಶುರುಮಾಡಿತಂತೆ. ಇದನ್ನು ಕಣ್ಣಾರೆ ಕಂಡವರು ಈಗ ಯಾರೂ ಬದುಕಿಲ್ಲ, ಹಾಗಾಗಿ ಸುಳ್ಳು ಎನ್ನಲು ಯಾರಿಗೂ ಅಧಿಕಾರವಿಲ್ಲ. ಸೂರ್ಯನೂ ನೆತ್ತಿಗೆ ಬರುವ ಮುಂಚೆ ನಮ್ಮ ಭಾವನ ಕಡೆ ಒಮ್ಮೆ ನೋಡಿ, ಅವರು ತಲೆಯಾಡಿಸಿದ ಮೇಲೆಯೇ ಮುಂದೆ ಸರಿಯುತ್ತಾನೆಂದು ನಮ್ಮ ಬೀದಿಯ ಜನ ಹೇಳುವುದುಂಟು. ನಾನಂತೂ ಕಂಡದ್ದನ್ನಷ್ಟೇ ಹೇಳುವವನು. ಅಕ್ಕನನ್ನು ಮದುವೆಯಾದ ಹೊಸದರಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದ ಈ ಮಹಾಶಯರು, ಕುರ್ಚಿಯಲ್ಲಿ ಕೂರುವ ಮೊದಲೇ ಬಗ್ಗಿ ಮೇಜಿನ ಕಾಲು ನೋಡಿ, "ಎರಡು ಮಿಲಿಮೀಟರ್ ಮೋಟು" ಎಂದರು. ಇಪ್ಪತ್ತು ವರ್ಷದಿಂದ ಅಲ್ಲಾಡುತ್ತಿದ್ದ ಮೇಜು ಅದು. ನಾವೆಲ್ಲ ನೆಲದ ಮೇಲೆ ಗೂಬೆ ಕೂರಿಸಿ ನೆಮ್ಮದಿಯಾಗಿದ್ದೆವು. ಅವತ್ತಿನಿಂದ ಅವರು ಮಿಲಿಮೀಟರ್ ಭಾವ.

ಹೊಟ್ಟೆಪಾಡಿಗೆ ಅವರು ಕಟ್ಟುಹಲ್ಲು ಮಾಡುತ್ತಾರೆ. ದಂತವೈದ್ಯರ ಕ್ಲಿನಿಕ್ಕಿನ ಹಿಂದೆ, ಒಬ್ಬ ನಿಂತರೆ ಇನ್ನೊಬ್ಬ ಬಾಗಿಲಲ್ಲಿ ಕಾಯಬೇಕಾದಷ್ಟು ದೊಡ್ಡ ಕೋಣೆ. ಮೇಜಿನ ಮೇಲೆ ಸಣ್ಣ ಮೋಟಾರು, ಮೇಣ ಕಾಯಿಸುವ ದೀಪ, ಗೋಡೆಯುದ್ದಕ್ಕೂ ಜನರ ಬಾಯಿಗಳ ಪ್ಲಾಸ್ಟರ್ ಅಚ್ಚುಗಳು. ಊರಿನ ಅರ್ಧ ನಗು ಆ ಕೋಣೆಯಿಂದ ಹೊರಟದ್ದು. ರಜಾ ದಿನಗಳಲ್ಲಿ ಮಾತ್ರ ಭಾವ ಸೇನಾಪತಿ. ಪ್ಲಾಸ್ಟಿಕ್ಕಿನ ಬೆರಳುದ್ದದ ಸಿಪಾಯಿಗಳಿಗೆ ಒಂದೇ ಕೂದಲ ಕುಂಚದಲ್ಲಿ ಬಣ್ಣ ಬಳಿದು, ಹಲಗೆಯ ಮೇಲೆ ಮಣ್ಣು, ಮುಳ್ಳುತಂತಿ, ಮುರಿದ ಗೋಡೆ ಎಲ್ಲವನ್ನೂ ಕಟ್ಟಿ, ಯುದ್ಧದ ಒಂದು ಗಳಿಗೆಯನ್ನು ಹಿಡಿದು ನಿಲ್ಲಿಸುತ್ತಾರೆ. ಡಯೋರಾಮಾ ಎನ್ನುತ್ತಾರೆ ಅದಕ್ಕೆ. ಅಕ್ಕ ಅದಕ್ಕೆ ಧೂಳು ಎನ್ನುತ್ತಾಳೆ.

"ನನ್ನ ಚಪ್ಪಲಿ ಸೈಜು ಕೇಳು, ಇವ್ರಿಗೆ ಗೊತ್ತಿಲ್ಲ. ಯಾವ್ದೋ ದೇಶದ ಸತ್ತುಹೋದ ಸಿಪಾಯಿ ಬೂಟಿನ ಸೈಜು ಕೇಳು, ನಿದ್ದೇಲಿ ಎಬ್ಬಿಸಿದ್ರೂ ಹೇಳ್ತಾರೆ."

"ನಿನ್ ಕಾಲು ಬೆಳೀತಾ ಇರುತ್ತೆ ಕಣೇ. ಅವನದು ನಿಂತುಹೋಗಿದೆ" ಎನ್ನುವರು ಭಾವ, ಕುಂಚದಿಂದ ಕಣ್ಣೆತ್ತದೆ.

ಇಂಥ ಸುಖದ ಸಂಸಾರಕ್ಕೆ ನಮ್ಮ ಅಪ್ಪನ ಕಣ್ಣು ಅಡ್ಡ ಬಂತು.

ಅಪ್ಪನ ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣಿನಲ್ಲಿ ಕತ್ತಲೆ ಸುತ್ತಲಿಂದ ಒಳಕ್ಕೆ ಬರುತ್ತಿತ್ತು. ಬಾವಿಯ ತಳದಿಂದ ಆಕಾಶ ನೋಡಿದ ಹಾಗೆ ನಡುವೆ ಒಂದು ದುಂಡನೆಯ ಬೆಳಕು ಮಾತ್ರ ಉಳಿದಿತ್ತು. ಕಣ್ಣಿನ ಡಾಕ್ಟರು ನಮ್ಮನ್ನು ಹೊರಗೆ ಕರೆದು, "ಆರು ವಾರ ಅಂದ್ಕೊಳ್ಳಿ. ಅವ್ರಿಗೆ ಏನಾದ್ರೂ ನೋಡೋ ಆಸೆ ಇದ್ರೆ ಈಗಲೇ ತೋರಿಸಿಬಿಡಿ" ಎಂದರು.

ಸಂಜೆ ಊಟದ ಮೇಜಿನಲ್ಲಿ ಅಕ್ಕ ಕೇಳಿದಳು. "ಅಪ್ಪಾ, ಏನ್ ನೋಡ್ಬೇಕು ಅನ್ಸುತ್ತೆ ನಿಂಗೆ? ಸಮುದ್ರ ತೋರ್ಸ್ಲಾ?"

"ಹುಡುಗರನ್ನ ನೋಡ್ಬೇಕು" ಎಂದ ಅಪ್ಪ.

"ಇಲ್ಲೇ ಇದ್ದೀವಲ್ಲಪ್ಪ."

"ನೀವಲ್ಲ. ನಿಮ್ಮನ್ನ ದಿನಾ ನೋಡಿ ಸಾಕಾಗಿದೆ. ನಮ್ಮ ಚೌಕಿ ಹುಡುಗರು."

ಅಪ್ಪ ಪ್ರಾಯದಲ್ಲಿ ಸೈನ್ಯದ ಅಡುಗೆಯವನಾಗಿದ್ದದ್ದು ನಮಗೆ ಗೊತ್ತಿತ್ತು. ಹಿಮದ ಬೆಟ್ಟದ ಮೇಲೆ ಒಂದು ಚೌಕಿ, ಅಲ್ಲಿ ಇಪ್ಪತ್ತು ಸಿಪಾಯಿಗಳು, ಇವನೊಬ್ಬ ಅಡುಗೆಯವನು. ಅಷ್ಟೇ ಗೊತ್ತಿದ್ದದ್ದು. ಉಳಿದದ್ದನ್ನು ಅವನು ಅವತ್ತು ಹೇಳಿದ, ಸಾರಿನ ಬಟ್ಟಲು ನೋಡುತ್ತಾ. ಒಂದು ಬೆಳಿಗ್ಗೆ ಎಲ್ಲರಿಗೂ ತಿಂಡಿ ಬಡಿಸಿದ್ದಾನೆ. ಉಪ್ಪು ಮುಗಿದಿದೆ. ತರಲು ಕೆಳಗಿನ ಶಿಬಿರಕ್ಕೆ ಒಬ್ಬನೇ ಇಳಿದಿದ್ದಾನೆ. ಮಧ್ಯಾಹ್ನ ಬೆಟ್ಟದ ಹಿಮ ಜಾರಿ ಚೌಕಿಯ ಮೇಲೆ ಬಿದ್ದಿದೆ. ಉಪ್ಪಿನ ಚೀಲ ಹೆಗಲ ಮೇಲಿಟ್ಟುಕೊಂಡು ಹತ್ತಿ ಬಂದವನಿಗೆ ಚೌಕಿಯೂ ಇರಲಿಲ್ಲ, ಇಪ್ಪತ್ತು ಜನರೂ ಇರಲಿಲ್ಲ. ಫೋಟೋ ಅಂತ ಒಂದೂ ಇಲ್ಲ.

"ಕಣ್ಣು ಮುಚ್ಚಿದ್ರೆ ಒಬ್ಬೊಬ್ಬರಾಗಿ ಬರ್ತಾರೆ. ಒಟ್ಟಿಗೆ ಬರಲ್ಲ. ಒಂದ್ಸಲ ಸಾಲಾಗಿ ನೋಡಿದ್ರೆ ಸಾಕಿತ್ತು" ಎಂದು ಅಪ್ಪ ಬಟ್ಟಲು ಎತ್ತಿ ಕುಡಿದ.

ಭಾವ ಚಮಚ ಕೆಳಗಿಟ್ಟು, "ನಿಲ್ಲಿಸಿ ಕೊಡ್ತೀನಿ ಮಾವ" ಎಂದರು. ಆ ಗಳಿಗೆಯಲ್ಲಿ ಆಕಾಶದಿಂದ ಹೂಮಳೆ ಸುರಿಯಬೇಕಿತ್ತು. ಸುರಿಯಲಿಲ್ಲ, ಅಕ್ಕ ಮೂಗು ಒರೆಸಿಕೊಂಡಳು, ಅಷ್ಟೇ.

ಮಾರನೆಯ ದಿನದಿಂದ ಭಾವ ನೋಟ್‌ಬುಕ್ಕು ಹಿಡಿದು ಅಪ್ಪನ ಪಕ್ಕ ಕೂತರು. ತಿಂಡಿಯ ಸಾಲು, ಆ ಕೊನೆಯ ಬೆಳಿಗ್ಗೆಯದು, ಹೇಗಿತ್ತೋ ಹಾಗೇ ಆಗಬೇಕು. ಅಪ್ಪ ಹೇಳುತ್ತಾ ಹೋದ. ಅವನಿಗೆ ಯಾರ ಹೆಸರೂ ಬೇಡ. ಅಡುಗೆಯವನ ನೆನಪು ತಟ್ಟೆಯಿಂದ ಶುರುವಾಗುತ್ತದೆ. "ಮೊದಲು ನಿಂತೋನು 'ಉಪ್ಪಿಲ್ಲ'. ಏನ್ ಮಾಡಿ ಹಾಕಿದ್ರೂ ಉಪ್ಪಿಲ್ಲ ಅನ್ನೋನು. ಅವನ ಹಿಂದೆ 'ಇನ್ನೊಂದು ಸೌಟು'. ಆಮೇಲೆ 'ತಳದ್ದು ಕೊಡು', ಪಾತ್ರೆ ತಳದ ಸೀದದ್ದೇ ಬೇಕು ಆ ಪುಣ್ಯಾತ್ಮಂಗೆ." ಹೀಗೆ ಇಪ್ಪತ್ತು ಜನ, ಹೆಗಲಿಗೆ ಬಂದೂಕು, ಕೈಯಲ್ಲಿ ತಗಡಿನ ತಟ್ಟೆ. ಸಾಲಿನ ತುದಿಯಲ್ಲಿ ಒಲೆ, ಹಂಡೆ, ಅಡುಗೆಯವನು. ಒಟ್ಟು ಇಪ್ಪತ್ತೊಂದು.

ಭಾವನ ಬಳಿ ಕೋಟು ತೊಟ್ಟು ಕಿವಿಟೋಪಿ ಹಾಕಿದ ಹನ್ನೆರಡು ಸಿಪಾಯಿಗಳಿದ್ದರು, ಹಳೆಯ ಒಂದು ಕಂಪನಿಯವರು. ಆ ಕಂಪನಿ ಈಗ ಗೊಂಬೆ ಮಾಡುವುದು ಬಿಟ್ಟು ಬಾಟಲಿ ಮುಚ್ಚಳ ಮಾಡುತ್ತಿದೆಯಂತೆ. ಉಳಿದ ಒಂಬತ್ತನ್ನು ಬೇರೆ ಕಂಪನಿಯಿಂದ ತರಿಸಿದರು. ಹಳೆಯ ಡಬ್ಬಿಯ ಮೇಲೆ ಐವತ್ತನಾಲ್ಕು ಮಿಲಿಮೀಟರ್ ಎಂದಿತ್ತು. ಹೊಸ ಡಬ್ಬಿಯ ಮೇಲೂ ಐವತ್ತನಾಲ್ಕು ಮಿಲಿಮೀಟರ್ ಎಂದಿತ್ತು. ಇಡೀ ಜನ್ಮದಲ್ಲಿ ಅಳೆಯದೆ ಒಂದು ಮೊಳೆಯನ್ನೂ ಹೊಡೆಯದ ಮನುಷ್ಯ, ಮಾವನ ಕಣ್ಣಿನ ಅವಸರದಲ್ಲಿ, ಡಬ್ಬಿಯ ಮೇಲೆ ಬರೆದದ್ದನ್ನು ನಂಬಿದರು.

ಡಬ್ಬಿ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಭಾವ ಪ್ರತಿ ಭಾನುವಾರ ಇನ್ನೊಂದು ಅಳತೆ ತೆಗೆಯುತ್ತಿದ್ದರು. ಗೋಡೆಯ ಕ್ಯಾಲೆಂಡರನ್ನು ಅಪ್ಪನ ಮುಂದೆ ತೋಳಿನ ದೂರದಲ್ಲಿ ಹಿಡಿದು, "ಒಂದೇ ಸಲಕ್ಕೆ ಎಷ್ಟು ತಾರೀಖು ಕಾಣುತ್ತೆ ಮಾವ?" ಎಂದು ಕೇಳುವರು. ಮೊದಲ ಭಾನುವಾರ ಏಳು. ಆಮೇಲೆ ಐದು. ಮೂರನೆಯ ವಾರ ನಾಲ್ಕು. ನಮಗ್ಯಾರಿಗೂ ಹೇಳದೆ ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದುಕೊಳ್ಳುವರು. ನಾನು ಕದ್ದು ನೋಡಿದೆ, ನೋಡಬಾರದಿತ್ತು.

ಹೊಸ ಒಂಬತ್ತು ಬಂದ ದಿನ ನಾನು ಅಲ್ಲೇ ಇದ್ದೆ. ಭಾವ ಒಬ್ಬನನ್ನು ಜೋಡಿಸಿ ಹಳಬನ ಪಕ್ಕ ನಿಲ್ಲಿಸಿದರು. ಹೊಸಬನ ಕಣ್ಣಿನ ಮಟ್ಟಕ್ಕೆ ಹಳಬನ ಟೋಪಿ. ತಲೆ ಕುಂಬಳಕಾಯಿ, ಅಂಗೈ ಮೊರದಗಲ. ಭಾವ ಅಳತೆಗೋಲು ಹಿಡಿದು ಮೂರು ಸಲ ನೋಡಿದರು. ಐವತ್ತೆಂಟು. ಅಂದರೆ ನಿಜವಾದ ಮನುಷ್ಯನಲ್ಲಿ ಐದು ಇಂಚು. ಕೂಡಲೇ ಅಂಗಡಿಗೆ ಫೋನು ಹೋಯಿತು.

"ಏನ್ರೀ ಇದು, ಎರಡೂ ಐವತ್ನಾಲ್ಕು ಅಂತಿದೆ, ಇವನು ಬೆಳೆದು ನಿಂತಿದ್ದಾನಲ್ಲ?"

"ಎರಡೂ ಸರೀನೇ ಸಾರ್. ಹಳೆ ಕಂಪನಿಯವ್ರು ಪಾದದಿಂದ ನೆತ್ತಿವರೆಗೆ ಅಳೀತಿದ್ರು. ಇವ್ರು ಪಾದದಿಂದ ಕಣ್ಣಿನವರೆಗೆ."

"ಕಣ್ಣಿನ ಮೇಲೆ ಮನುಷ್ಯ ಇರಲ್ವೇನ್ರೀ?"

"ಇರ್ತಾನೆ ಸಾರ್. ಆದ್ರೆ ಅವ್ನು ಟೋಪಿ ಹಾಕಿರ್ತಾನೆ. ನೆತ್ತಿ ಎಲ್ಲಿ ಅಂತ ಹುಡುಕೋದು?"

"ಮತ್ತೆ ಈ ತಲೆ? ಈ ಕೈ?"

"ಅದು ವೀರರ ಅಳತೆ ಅಂತ ಸಾರ್. ದೂರದಿಂದ ನೋಡಿದ್ರೂ ಮುಖ ಚೆನ್ನಾಗಿ ಕಾಣ್ಲಿ ಅಂತ ತಲೆ, ಕೈ ದಪ್ಪ ಮಾಡ್ತಾರೆ. ವಾಪಸ್ ಕಳ್ಸಿ, ಬೇರೆ ತರಿಸಿ ಕೊಡ್ತೀನಿ. ಒಂದು ತಿಂಗಳು."

ಭಾವ ಫೋನು ಇಟ್ಟರು. ನಾನು ಸಮಾಧಾನ ಹೇಳುವ ಉತ್ಸಾಹದಲ್ಲಿ, "ಅಲ್ಲ ಭಾವ, ಮನುಷ್ಯರೆಲ್ಲ ಒಂದೇ ಎತ್ತರ ಇರ್ತಾರಾ? ಕೆಲವರು ಉದ್ದ, ಕೆಲವರು ಗಿಡ್ಡ. ಹಾಗೇ ನಿಲ್ಲಿಸಿಬಿಡಿ" ಎಂದೆ.

ಅವರು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು. "ಮನುಷ್ಯರು ಬೇರೆ ಬೇರೆ ಇರ್ತಾರೆ ಕಣೋ. ಬಂದೂಕು ಇರಲ್ಲ. ಒಂದೇ ಕಾರ್ಖಾನೇಲಿ ಮಾಡಿದ್ದು. ಇವನ ಬಂದೂಕು ನೋಡು, ಅವನದು ನೋಡು. ಒಂದು ತೋಪು, ಇನ್ನೊಂದು ಊದುಗೊಳವೆ. ನಿಮ್ಮಪ್ಪ ದಿನಾ ಕಣ್ಮುಂದೆ ಇಪ್ಪತ್ತು ಬಂದೂಕು ನೋಡ್ತಿದ್ದೋರು."

ಮುಂದಿನ ಹತ್ತು ದಿನ ನಮ್ಮ ಸೇನಾಪತಿ ಒಂದೊಂದೇ ಯುದ್ಧತಂತ್ರ ಹೂಡಿದರು, ನಮ್ಮ ಅಪ್ಪ ಒಂದೊಂದನ್ನೇ ಮಣ್ಣುಪಾಲು ಮಾಡಿದ. ತಾನೇನು ಮಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ನಿಜ ಹೇಳುತ್ತಿದ್ದ, ಅಷ್ಟೇ.

ಉದ್ದದವರನ್ನು ನಾಲ್ಕು ಮಿಲಿಮೀಟರ್ ಹಿಮದಲ್ಲಿ ಹೂತುಬಿಟ್ಟರೆ? ಹಲ್ಲಿನ ಪ್ಲಾಸ್ಟರು ಬೇಕಾದಷ್ಟಿದೆ, ಅದಕ್ಕಿಂತ ಒಳ್ಳೆ ಹಿಮ ಇಲ್ಲ. ಭಾವ ಮೆಲ್ಲಗೆ ಕೇಳಿದರು: "ಮಾವ, ತಿಂಡಿ ಸಾಲಿನಲ್ಲಿ ಕಾಲು ಹಿಮದಲ್ಲಿ ಹೂತುಹೋಗ್ತಿತ್ತು ಅಲ್ವಾ?"

"ಎಲ್ಲಿ ಹೂತುಹೋಗುತ್ತೆ ಅಳಿಯಂದ್ರೇ? ದಿನಾ ಬೆಳಿಗ್ಗೆ ನಾನೇ ಗುಡಿಸ್ತಿದ್ದೆ. ಒಲೆ ಮುಂದೆ ನೆಲ ಕನ್ನಡಿ ಹಾಗೆ ಇರ್ತಿತ್ತು."

ಉದ್ದದವರನ್ನು ಮುಂದೆ, ಗಿಡ್ಡದವರನ್ನು ಹಿಂದೆ ನಿಲ್ಲಿಸಿದರೆ? ದೂರದಲ್ಲಿರುವುದು ಚಿಕ್ಕದಾಗಿ ಕಾಣುತ್ತದೆ ಎಂದು ಕಣ್ಣು ತಾನೇ ಸಮಾಧಾನ ಮಾಡಿಕೊಳ್ಳುತ್ತದೆ. ಡಯೋರಾಮಾ ಕಟ್ಟುವವರ ಹಳೆಯ ಕಳ್ಳತನ ಇದು. "ಸಾಲು ಸ್ವಲ್ಪ ಹಿಂದೆ ಮುಂದೆ ಆದ್ರೆ ಪರವಾಗಿಲ್ವಾ ಮಾವ?"

"ಅಯ್ಯೋ, ಸಾಲು ತಪ್ಪಿಸಿದ್ರೆ ಹೊಡೆದಾಟ ಆಗೋದು. 'ಇನ್ನೊಂದು ಸೌಟು' ಒಬ್ಬನೇ ಸಾಲು ತಪ್ಪಿಸ್ತಿದ್ದದ್ದು, ಅವನಿಗೆ ಅವತ್ತು ಜ್ವರ."

ಕೆಲವರನ್ನು ಕೂರಿಸಿಬಿಟ್ಟರೆ? ಕೂತವನ ಎತ್ತರ ಯಾರಿಗೆ ಗೊತ್ತು?

"ಆ ಚಳೀಲಿ ಕೂತ್ರೆ ಮತ್ತೆ ಏಳ್ತಿರ್ಲಿಲ್ಲ."

ನಾಲ್ಕನೆಯ ಭಾನುವಾರ ಕ್ಯಾಲೆಂಡರಿನಲ್ಲಿ ಎರಡು ತಾರೀಖು. ಅಪ್ಪ ಬಾಗಿಲು ತಡವಿ ಹುಡುಕಲು ಶುರುಮಾಡಿದ್ದ. ಮೊದಲೆಲ್ಲ ಅಕ್ಕ ಸಿಟ್ಟಾದರೆ ಕುಂಚ ಬಿಡದೆ ಉತ್ತರ ಕೊಡುತ್ತಿದ್ದ ಭಾವ ಈಗ ಉತ್ತರವನ್ನೇ ಕೊಡುತ್ತಿರಲಿಲ್ಲ. ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಏಳುವರು. ಬೆಲ್ಟಿಗೆ ಹೊಸ ತೂತು ಬಿತ್ತು. ಒಂದು ದಿನ ಅವರ ಕೆಲಸದ ಕೋಣೆಗೆ ಹೋದರೆ, ಗೋಡೆಯ ತುಂಬ ನಗುತ್ತಿದ್ದ ಬಾಯಿಗಳ ನಡುವೆ ತಲೆ ಕೈಯಲ್ಲಿ ಹಿಡಿದು ಕೂತಿದ್ದಾರೆ. ನಾನು ತಮಾಷೆ ಮಾಡಲು ಬಾಯಿ ತೆರೆದೆ. ಅವರ ಕಣ್ಣು ನೋಡಿ ಮುಚ್ಚಿದೆ.

"ನನಗೆ ನಮ್ಮಪ್ಪನ ಮುಖ ನೆನಪಿಲ್ಲ ಕಣೋ" ಎಂದರು. "ನಾನು ಒಂದು ವರ್ಷದವನಿದ್ದಾಗ ಹೋದ್ರು. ಇವ್ರಿಗೆ ಇಪ್ಪತ್ತು ಜನ ನೆನಪಿದ್ದಾರೆ. ಟೋಪಿ ಯಾವ ಕಿವಿ ಕಡೆ ವಾಲಿತ್ತು ಅನ್ನೋದೂ ನೆನಪಿದೆ. ಅಂಥವರ ಮುಂದೆ ಸುಳ್ಳು ಇಡೋದು ಹೇಗೆ?"

ಅವರ ದೃಷ್ಟಿ ಮೆಲ್ಲಗೆ ಗೋಡೆಯ ಅಚ್ಚುಗಳ ಮೇಲೆ ಹರಿಯಿತು. ಒಂದು ಕಡೆ ನಿಂತಿತು. ಎದ್ದು ನಿಂತರು.

"ತಲೆ ಕಡೀಬೇಕು" ಎಂದರು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಆಮೇಲೆ ನಡೆದದ್ದು ಜಗತ್ತಿನ ಯಾವ ರಣರಂಗವೂ ಕಾಣದ ಸಂಹಾರ. ಹೊಸಬರ ಕುಂಬಳಕಾಯಿ ತಲೆ ತೆಗೆದು ಹಳಬರ ತಲೆ ಕೂರಿಸಿದರೆ ಎರಡು ಮಿಲಿಮೀಟರ್ ಇಳಿಯುತ್ತದೆ. ಬೆಲ್ಟಿನ ಕೆಳಗೆ ಅಡ್ಡ ಕೊಯ್ದು, ಒಂದು ತೆಳು ಬಿಲ್ಲೆ ತೆಗೆದು, ಮತ್ತೆ ಅಂಟಿಸಿ ಕೋಟಿನಲ್ಲಿ ಮುಚ್ಚಿದರೆ ಇನ್ನೆರಡು. ಬಂದೂಕಿನ ಹಿಡಿ ಕತ್ತರಿಸಿ, ಅಂಗೈಯನ್ನು ಅರದಲ್ಲಿ ಉಜ್ಜಿದರೆ ಅವೂ ಹದಕ್ಕೆ ಬಂದವು. ಆದರೆ ಹಳಬರ ತಲೆ ಹೆಚ್ಚಿಗೆ ಎಲ್ಲಿವೆ? ಅದಕ್ಕೇ ಅಚ್ಚಿನ ಪುಡಿ. ಹಲ್ಲಿನ ಅಳತೆ ತೆಗೆಯಲು ನೀರಲ್ಲಿ ಕಲಸಿ ಬಾಯಿಗೆ ಇಡುತ್ತಾರಲ್ಲ, ಮೂರು ನಿಮಿಷದಲ್ಲಿ ರಬ್ಬರಿನ ಹಾಗೆ ಗಟ್ಟಿಯಾಗುತ್ತದೆ, ಅದು. ಹಳಬರಲ್ಲಿ ಒಬ್ಬ ಒಳ್ಳೆಯ ಮುಖದವನನ್ನು ಆರಿಸಿ, ಅವನ ತಲೆಯನ್ನು ಆ ಪುಡಿಯಲ್ಲಿ ಮುಳುಗಿಸಿ, ಅಚ್ಚಿಗೆ ಕಟ್ಟುಹಲ್ಲಿನ ಒಸಡಿನ ಗುಲಾಬಿ ದ್ರಾವಣ ಹೊಯ್ದರೆ ಒಂದು ಹೊಸ ತಲೆ. ಬಿಡಿಸುವಾಗ ಅಚ್ಚು ಹರಿದುಹೋಗುತ್ತದೆ. ಇನ್ನೊಂದು ತಲೆಗೆ ಇನ್ನೊಂದು ಅಚ್ಚು. ಮೊದಲನೆಯದಕ್ಕೆ ಮೂಗಿರಲಿಲ್ಲ. ಎರಡನೆಯದಕ್ಕೆ ಗಲ್ಲದಲ್ಲಿ ಗುಳ್ಳೆ. ನಾಲ್ಕನೆಯ ಸಲಕ್ಕೆ ಕಡಲೆಕಾಳಿನಷ್ಟು ದೊಡ್ಡ, ಗುಲಾಬಿ ಬಣ್ಣದ ಮನುಷ್ಯನೊಬ್ಬ ಭಾವನ ಅಂಗೈಯಿಂದ ನಮ್ಮನ್ನು ನೋಡಿದ.

ಇದೆಲ್ಲ ಹಲ್ಲಿನ ಡಾಕ್ಟರು ಊಟಕ್ಕೆ ಹೋದ ಒಂದು ಗಂಟೆಯಲ್ಲಿ ನಡೆಯಬೇಕು. ಊರಿನ ಹಲ್ಲುಗಳೆಲ್ಲ ಹಿಂದೆ ಬಿದ್ದವು. ಬೊಚ್ಚುಬಾಯಿಯ ಅಜ್ಜಿಯೊಬ್ಬರು ಕೋಣೆಗೇ ನುಗ್ಗಿ, "ಹದಿನೈದು ದಿನದಿಂದ ಗಂಜಿ ಕುಡೀತಿದ್ದೀನಿ ಕಣಪ್ಪ, ನನ್ ಹಲ್ಲು ಎಲ್ಲಿ?" ಎಂದರು. ಭಾವನ ಕೈಯಲ್ಲಿ ರುಂಡವಿಲ್ಲದ ಸಿಪಾಯಿ, ಮೇಜಿನ ಮೇಲೆ ಮೂರು ರುಂಡ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ಥೂ, ಈ ವಯಸ್ಸಲ್ಲಿ ಬೊಂಬೆ ಆಟ" ಎಂದು ಹೋಗಿ ಡಾಕ್ಟರಿಗೆ ಹೇಳಿದರು. ಡಾಕ್ಟರು ಶುಕ್ರವಾರ ಬಂದು ಅಜ್ಜಿಯ ಹಲ್ಲು ಶನಿವಾರದೊಳಗೆ ಆಗಬೇಕೆಂದೂ, ಇಲ್ಲದಿದ್ದರೆ ಭಾವ ಬೇರೆ ಊರಿನ ನಗು ನೋಡಿಕೊಳ್ಳಬಹುದೆಂದೂ ತಣ್ಣಗೆ ಹೇಳಿದರು. ಶನಿವಾರ ಇಡೀ ದಿನ ಒಂದು ಕೈಯಲ್ಲಿ ಅಜ್ಜಿಯ ಮೇಲಿನ ಸಾಲು, ಇನ್ನೊಂದು ಕೈಯಲ್ಲಿ ಅಪ್ಪನ ತಿಂಡಿ ಸಾಲು.

ಭಾನುವಾರ ಬೆಳಿಗ್ಗೆ ಭಾವ ಬಂದರು. ಹಲಗೆಯನ್ನು ಬಟ್ಟೆ ಮುಚ್ಚಿ ತಂದಿದ್ದರು. ಗಡ್ಡ ಬೆಳೆದಿತ್ತು, ಬೆರಳ ತುದಿಗಳೆಲ್ಲ ಬ್ಲೇಡಿನ ಗೀರು. ಕ್ಯಾಲೆಂಡರು ಮುಟ್ಟಲಿಲ್ಲ. ಬೇಕಿರಲಿಲ್ಲ, ಅಪ್ಪ ಅಕ್ಕನ ಮುಖ ಹುಡುಕಲು ಮೊದಲು ಅವಳ ಕಿವಿ ನೋಡಿ, ಆಮೇಲೆ ಮೂಗಿಗೆ ಬಂದಿದ್ದ. ನಾವು ಅವನ ಕುರ್ಚಿಯನ್ನು ಕಿಟಕಿಯ ಬಿಸಿಲಿಗೆ ಎಳೆದೆವು.

ಭಾವ ಬಟ್ಟೆ ತೆಗೆದು, ಹಲಗೆಯನ್ನು ಅಪ್ಪನ ಕಣ್ಣಿಗೆ ಹತ್ತಿರ ಹಿಡಿದು, ಹಾಲಿನ ಪಾತ್ರೆ ಸಾಗಿಸುವ ಹಾಗೆ ಮೆಲ್ಲಗೆ ಸರಿಸುತ್ತಾ ಹೋದರು. ಆ ದುಂಡನೆಯ ಬೆಳಕಿನೊಳಗೆ ಒಬ್ಬೊಬ್ಬರಾಗಿ ಬಂದರು.

"ಉಪ್ಪಿಲ್ಲ" ಎಂದ ಅಪ್ಪ.

ಭಾವ ಹಲಗೆ ಸರಿಸಿದರು.

"ಇನ್ನೊಂದು ಸೌಟು. ಜ್ವರ ಇದ್ರೂ ಬಂದ ನೋಡು. ತಳದ್ದು ಕೊಡು. ಹ್ಞಾಂ, ಟೋಪಿ ಎಡಕ್ಕೇ ಇದೆ."

ಅಚ್ಚಿನಿಂದ ಬಂದ ಒಂದೇ ಮುಖದ ಎಂಟು ಜನ ಸಾಲಿನಲ್ಲಿ ಅಲ್ಲಲ್ಲಿ ನಿಂತಿದ್ದರು. ಅಪ್ಪ ಕಂಡುಹಿಡಿದರೆ ಏನು ಗತಿ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಕೇಳಲಿಲ್ಲ. ಟೋಪಿ ನೋಡಿದ, ತಟ್ಟೆ ಹಿಡಿದ ರೀತಿ ನೋಡಿದ, ಹೆಗಲ ಮೇಲಿನ ಬಂದೂಕು ನೋಡಿದ. ಅಳತೆ ಎಲ್ಲೂ ಅವನ ಕಣ್ಣಿಗೆ ಚುಚ್ಚಲಿಲ್ಲ. ಕೊನೆಗೆ, "ಸ್ವಲ್ಪ ದೂರ ಹಿಡೀರಿ ಅಳಿಯಂದ್ರೇ" ಎಂದ. ಭಾವ ಗೋಡೆಯವರೆಗೆ ಹಿಂದೆ ನಡೆದರು. ಇಪ್ಪತ್ತು ಜನ ಒಟ್ಟಿಗೆ ಆ ಕಿಂಡಿಯೊಳಗೆ ಬಂದರು. ಅಪ್ಪ ಬಹಳ ಹೊತ್ತು ನೋಡಿದ. ಅವನ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದ.

"ಎಲ್ಲಾ ಇದ್ದಾರೆ" ಎಂದ. ಕೆನ್ನೆಯ ಮೇಲೆ ನೀರು ಇಳಿಯಿತು, ಎರಡೂ ಕಣ್ಣಿಂದ. ಹೋದ ಕಣ್ಣಿಗೂ ಅಷ್ಟು ಮಾತ್ರ ಬರುತ್ತಿತ್ತು. "ಈ ಕಡೆ ತುದೀಲಿ ನಿಂತಿರೋದು ಯಾರು? ಹತ್ತಿರ ತನ್ನಿ."

ಹತ್ತಿರ ತಂದರು. ಒಲೆ, ಹಂಡೆ, ಹಂಡೆಯ ಹಿಂದೆ ಸೌಟು ಹಿಡಿದ ಅಡುಗೆಯವನು. ಆಗ ನಾನೂ ಗಮನಿಸಿದೆ. ಅಡುಗೆಯವನು ಇಪ್ಪತ್ತು ಜನರಿಗಿಂತ ಅರ್ಧ ತಲೆ ಎತ್ತರ. ದೊಡ್ಡ ಮುಖ. ಊರಿಗೇ ಅನ್ನ ಹಾಕುವಂಥ ಅಂಗೈ.

"ಇದು ನಾನಾ?"

"ಹೌದು ಮಾವ."

"ನಾನು ಎಲ್ಲರಿಗಿಂತ ಗಿಡ್ಡ ಇದ್ದೆ. ಬಂದೂಕು ನನಗಿಂತ ಉದ್ದ ಆಯ್ತು ಅಂತಾನೇ ಸೌಟು ಕೊಟ್ಟಿದ್ದು." ಅಪ್ಪ ಬೆರಳಿಂದ ಸಾಲು ತೋರಿಸಿದ. "ಇವ್ರನ್ನೆಲ್ಲ ಬಿಟ್ಟು ಕೆಳಗೆ ಇಳಿದೋನು ನಾನು. ಐವತ್ತು ವರ್ಷ ಆಯ್ತು, ಕನ್ನಡಿ ನೋಡ್ಕೊಳ್ಳೋಕೆ ನಾಚಿಕೆ. ಅಂಥವನನ್ನ ಇವ್ರ ಮಧ್ಯೆ ಇಷ್ಟು ಎತ್ತರ ನಿಲ್ಲಿಸಿದ್ದೀರಲ್ಲ ಅಳಿಯಂದ್ರೇ."

ಅಕ್ಕ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಮದುವೆಯಾದಾಗಿನಿಂದ ಗಂಡನನ್ನು ಅವಳು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಎದೆಯೂ ತುಂಬಿ ಬಂತು. ಆಹಾ, ಎಂಥ ಮನುಷ್ಯ! ಜೀವಮಾನವಿಡೀ ಒಂದು ಮಿಲಿಮೀಟರ್ ಬಿಟ್ಟುಕೊಡದವನು, ಒಬ್ಬ ಅಡುಗೆಯವನ ಮುಂದೆ ಅಳತೆಗೋಲನ್ನೇ ಮುರಿದು ಹಾಕಿದ್ದಾನೆ. ಬಂದೂಕು ಹಿಡಿದವರಿಗಿಂತ ಅನ್ನ ಹಾಕಿದವನು ದೊಡ್ಡವನು ಎಂದು ಪ್ಲಾಸ್ಟಿಕ್ಕಿನಲ್ಲಿ ಬರೆದಿಟ್ಟಿದ್ದಾನೆ! ಈ ಮಾತನ್ನು ಬೀದಿಯಲ್ಲಿ ಹೇಗೆ ಶುರುಮಾಡಬೇಕು, ಎಲ್ಲಿ ದನಿ ಏರಿಸಬೇಕು ಎಂದು ನಾನು ಆಗಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

ಅಪ್ಪ ಗಾಳಿಯಲ್ಲಿ ತಡವಿ ಭಾವನ ಕೈ ಹಿಡಿದುಕೊಂಡ. "ಹೇಳಿ. ನನ್ನನ್ನ ಯಾಕೆ ಇಷ್ಟು ದೊಡ್ಡದು ಮಾಡಿದ್ರಿ?"

ಭಾವ ಹಲಗೆ ಹಿಡಿದೇ ನೆಲ ನೋಡಿದರು.

"ಎಂಟನೇ ತಲೆಗೇ ಅಚ್ಚಿನ ಪುಡಿ ಮುಗೀತು ಮಾವ. ಅಂಗಡಿ ತೆಗೆಯೋದು ನಾಳೆ."